ಹತ್ತೊಂಬತ್ತು ಅಜ್ಜಿಯರ ಬಾಲವಾಡಿ

ಬಾಲವಾಡಿಯ ಕೆಲಸಕ್ಕೆ ಹೊಸದಾಗಿ ಸೇರುವ ಹೆಣ್ಣುಮಕ್ಕಳಿಗೆ ನನ್ನ ಮೊದಲ ಮಾತು: ಸೆರಗಿಗೆ ಪಿನ್ನು ಹಾಕಿಕೊಳ್ಳಬೇಡಿ. ಮೂರು ಮಕ್ಕಳು ಒಂದೇ ಸಲ ಜೋತುಬಿದ್ದರೆ ಪಿನ್ನಿಲ್ಲದ ಸೆರಗು ಜಾರುತ್ತದೆ, ಅಷ್ಟೇ. ಪಿನ್ನಿದ್ದರೆ ಸೀರೆಯೇ ಹರಿಯುತ್ತದೆ. ಎರಡನೆಯ ಮಾತು: ಚೀಲದಲ್ಲಿ ಶೇಂಗಾ ಇಟ್ಟುಕೊಂಡು ಒಳಗೆ ಕಾಲಿಡಬೇಡಿ. ಮೂರನೆಯ ಮಾತು ಕೌದಿಯದು. ಅದನ್ನು ಹೇಳಲು ಸ್ವಲ್ಪ ಹೊತ್ತು ಬೇಕು.

ಮೊನ್ನೆ ಅಕ್ಕಲಕೋಟದಲ್ಲಿ ಹೊಸಬರ ತರಬೇತಿಗೆ ನನ್ನನ್ನು ಕರೆದಿದ್ದರು. ಶಾಲು ಹೊದಿಸಿ, ಕೈಗೊಂದು ತೆಂಗಿನಕಾಯಿ ಕೊಟ್ಟು, ‘ಎರಡು ಮಾತು ಹೇಳ್ರಿ ಬಾಯಿ’ ಎಂದರು. ಬಾಯಿ ಅಂದರೆ ನಮ್ಮ ಕಡೆ ಟೀಚರಮ್ಮ. ಪಿನ್ನು ಮತ್ತು ಶೇಂಗಾ ಮುಗಿಸುವಷ್ಟರಲ್ಲಿ ಚಹಾ ಬಂತು. ಚಹಾ ಬಂದ ಮೇಲೆ ನಮ್ಮ ಕಡೆ ಯಾರೂ ಯಾರ ಮಾತನ್ನೂ ಕೇಳುವುದಿಲ್ಲ. ಆದ್ದರಿಂದ ಉಳಿದದ್ದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾವಾಗ ಬದಲಿಯಾಯಿತು ಎಂಬುದೆಲ್ಲ ಸರ್ವಿಸ್ ಬುಕ್ಕಿನಲ್ಲಿದೆ. ಅಲ್ಲಿ ಇಲ್ಲದ್ದನ್ನಷ್ಟೇ ಇಲ್ಲಿ ಹೇಳುತ್ತೇನೆ.

ಇದು ಎಪ್ಪತ್ತರ ದಶಕದ ನಡುವಿನ ಮಾತು. ನಾನು ಸೊಲ್ಲಾಪುರದ ಜವಳಿ ವ್ಯಾಪಾರಿಯೊಬ್ಬರ ಮಗಳು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ, ಶಾಲೆಯಲ್ಲಿಯೂ ಮರಾಠಿ. ಕನ್ನಡದಲ್ಲಿ ಜಗಳ ಆಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಅಂಥವಳಿಗೆ ಅಕ್ಕಲಕೋಟ ತಾಲೂಕಿನ ಬೋರಿಹಾಳ ಎಂಬ ಕನ್ನಡ ಹಳ್ಳಿಯ ಬಾಲವಾಡಿಯಲ್ಲಿ ಕೆಲಸ ಸಿಕ್ಕಿತು. ಸಂದರ್ಶನದಲ್ಲಿ ಕನ್ನಡ ಬರುತ್ತದೆಯೇ ಎಂದು ಕೇಳಿದರು. ‘ಬರ್ತೈತ್ರಿ’ ಎಂದೆ. ಎಷ್ಟು ಬರುತ್ತದೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅಪ್ಪ ಒಂದು ಕರಾರು ಹಾಕಿಯೇ ಕಳಿಸಿದರು. “ಒಂದ್ ವರ್ಷ ನೋಡ್ತೀನಿ. ಬಾಲವಾಡಿ ಮುಚ್ಚಿತಂದ್ರ ಸೀದಾ ಮನಿಗಿ ಬರಬೇಕು. ಬಾರ್ಶಿ ವರ ಕಾಯಾಕತ್ತಾನ.”

ಬಾರ್ಶಿ ಊರಿನ ಆ ವರನ ಫೋಟೊ ನಾನು ನೋಡಿದ್ದೆ. ತೊಡೆಯ ಮೇಲೆ ರೇಡಿಯೋ ಕೂರಿಸಿಕೊಂಡು, ಅದು ತಾನೇ ಹೆತ್ತ ಕೂಸೇನೋ ಎಂಬಂತೆ ನಗುತ್ತಿದ್ದ. ಬಾಲವಾಡಿ ಮುಚ್ಚುವ ಸಂಭವವೂ ಚೆನ್ನಾಗಿಯೇ ಇತ್ತು. ಅದಕ್ಕೆ ಸಿಕ್ಕಿದ್ದು ಒಂದೇ ವರ್ಷದ ಮಂಜೂರಿ. ವರ್ಷದ ಕೊನೆಗೆ ತಾಲೂಕಿನಿಂದ ಮುಖ್ಯಸೇವಿಕಾ, ಅಂದರೆ ನಮ್ಮ ಮೇಲಿನ ಅಧಿಕಾರಿ, ತಪಾಸಣೆಗೆ ಬರುತ್ತಾರೆ. ಅಂದು ಇಪ್ಪತ್ತು ಮಕ್ಕಳು ದೊಡ್ಡವರ ಹಂಗಿಲ್ಲದೆ ತಾವಾಗಿ ಕೂತಿರಬೇಕು. ಇಲ್ಲದಿದ್ದರೆ ಬಾಲವಾಡಿ ಪಕ್ಕದ ಊರಿಗೆ ಹೋಗುತ್ತದೆ. ಒಟ್ಟಿನಲ್ಲಿ ಬಾಲವಾಡಿ ಉಳಿದರೆ ನಾನು ಬಾಯಿ, ಹೋದರೆ ಒಂದು ರೇಡಿಯೋಗೆ ಮಲತಾಯಿ.

ಅಕ್ಕಲಕೋಟದಲ್ಲಿ ಸೋದರತ್ತೆಯ ಮನೆಯಲ್ಲಿದ್ದುಕೊಂಡು ದಿನಾ ಎಸ್.ಟಿ. ಎಂಬ ಸರ್ಕಾರಿ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಬೋರಿಹಾಳದ ಕನ್ನಡ ಶಾಲೆ ಎರಡು ಕೋಣೆಯದು. ಅದರ ಪಡಸಾಲೆಯ ಒಂದು ಮೂಲೆಗೆ ಬಿದಿರಿನ ತಟ್ಟಿ ಕಟ್ಟಿ ಬಾಲವಾಡಿ ಮಾಡಿದ್ದರು. ಹೆಡ್‌ಮಾಸ್ತರು ಶಿವಶರಣಪ್ಪನವರು. ಬಿಳಿ ಟೋಪಿ, ಧೋತರ, ಕಂಕುಳಲ್ಲಿ ಕಬ್ಬಿಣದ ಸರಳು. ಬೇವಿನ ಮರಕ್ಕೆ ತೂಗುಹಾಕಿದ್ದ ರೈಲು ಹಳಿಯ ತುಂಡೇ ಶಾಲೆಯ ಗಂಟೆ, ಅದನ್ನು ಬಾರಿಸುವ ಸರಳನ್ನು ಅವರು ಊಟಕ್ಕೆ ಕೂತಾಗಲೂ ಕೆಳಗಿಡುತ್ತಿರಲಿಲ್ಲ. ಆರು ವರ್ಷ ತುಂಬದ ಮಕ್ಕಳನ್ನು ಅವರು ಮನುಷ್ಯರ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

“ಬಾಯಿ, ನಿಮ್ಮ ಗದ್ದಲ ನಿಮ್ಮ ತಟ್ಟಿ ಒಳಗ ಇರಲಿ. ನಮ್ಮ ಗಂಟಿ ನಮ್ಮ ಟೈಮಿಗೆ ಹೊಡೀತದ,” ಎಂದು ಮೊದಲ ದಿನವೇ ಗಡಿ ಹಾಕಿಕೊಟ್ಟರು.

ಮೊದಲ ದಿನ ಹತ್ತೊಂಬತ್ತು ಮಕ್ಕಳು ಬಂದವು. ಜೊತೆಗೆ ಹತ್ತೊಂಬತ್ತು ಅಜ್ಜಿಯರೂ ಬಂದರು. ತಾಯಂದಿರು ಹೊಲದ ಕೆಲಸಕ್ಕೆ ಹೋಗುವ ಊರು. ಮಕ್ಕಳು ಬೆಳೆಯುವುದೇ ಅಜ್ಜಿಯ ತೊಡೆಯ ಮೇಲೆ. ಬಿಟ್ಟು ಹೋಗುತ್ತಾರೆಂದು ನಾನು ಬಾಗಿಲಲ್ಲಿ ನಗುತ್ತ ನಿಂತೆ. ಅವರು ನನ್ನನ್ನು ಸರಿಸಿ ಒಳಗೆ ಬಂದು, ಗೋಡೆಗೆ ಬೆನ್ನು ಕೊಟ್ಟು ಕೂತು, ತಂಬಾಕು ತಿಕ್ಕತೊಡಗಿದರು. ಅವರ ಮುಂದಾಳು ಗಂಗವ್ವ. ಎತ್ತರದ ಆಳು, ಹಣೆಯ ಮೇಲೆ ಕಾಸಿನಗಲ ಕುಂಕುಮ, ತೊಡೆಯ ಮೇಲೆ ಮೊಮ್ಮಗ ಮಲ್ಲ್ಯಾ.

“ಅವ್ವಾರೆ, ನೀವಿನ್ನ ಮನಿಗಿ ಹೋಗ್ರಿ,” ಎಂದೆ.

“ನಾ ಎದ್ದ್ ಹೋದ್ರ ಕೂಸೂ ಎದ್ದ್ ಬರ್ತೈತ್ರಿ ಬಾಯಿ,” ಎಂದಳು ಗಂಗವ್ವ. “ಕೂಸು ಬೇಕಂದ್ರ ನಾನೂ ಬೇಕು. ನಾ ಬ್ಯಾಡಂದ್ರ ನೀವೊಬ್ರೇ ಕುಂತ್ ಹಾಡ್ಕೋರಿ.”

ಪರೀಕ್ಷಿಸಿ ನೋಡೋಣವೆಂದು ಅವಳನ್ನು ಹೊಸ್ತಿಲಾಚೆ ಕಳಿಸಿದೆ. ಮಲ್ಲ್ಯಾ ಬಾಯಿ ತೆರೆದ. ಆ ದನಿಗೆ ಮಾಸ್ತರರು ಮಗ್ಗಿ ಹೇಳಿಸುವುದನ್ನು ಬಿಟ್ಟು ಓಡಿಬಂದರು, ಬೇವಿನ ಮರದ ಗುಬ್ಬಿಗಳು ಹಾರಿಹೋದವು. ಗಂಗವ್ವ ವಾಪಸು ಬಂದು ಕೂತಳು. ಮಲ್ಲ್ಯಾ ಬಾಯಿ ಮುಚ್ಚಿದ. ಹೀಗೆ ನನ್ನ ಬಾಲವಾಡಿಯ ಹಾಜರಿ ಮೊದಲ ದಿನವೇ ಮೂವತ್ತೆಂಟಕ್ಕೆ ಏರಿತು.

ಮಕ್ಕಳಿಗೆ ಕಲಿಸುವುದನ್ನು ತರಬೇತಿಯಲ್ಲಿ ನನಗೆ ಹೇಳಿಕೊಟ್ಟಿದ್ದರು. ಅಜ್ಜಿಯರಿಗೆ ಕಲಿಸುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಚಿತ್ರ ತೋರಿಸಿ ‘ಇದೇನು?’ ಎಂದು ಕೇಳಿದರೆ ಮಕ್ಕಳು ಬೆರಳು ಚೀಪುವಷ್ಟರಲ್ಲಿ ಹತ್ತೊಂಬತ್ತು ಬೊಚ್ಚುಬಾಯಿಗಳು ‘ಆನಿ!’ ಎಂದು ಕೂಗುತ್ತಿದ್ದವು. ಬಳಪಕ್ಕಾಗಿ ಮಕ್ಕಳು ಜಗಳಾಡಲಿಲ್ಲ, ಅಜ್ಜಿಯರು ಆಡಿದರು. ಮಲಗುವ ಹೊತ್ತಿನಲ್ಲಿ ಮಕ್ಕಳು ಮಲಗಲಿಲ್ಲ, ಅಜ್ಜಿಯರು ಮಲಗಿದರು, ಗೊರಕೆಗೆ ತಟ್ಟಿ ಅಲುಗಿತು. ಒಂದು ದಿನ ನಾನು ಫಲಕದ ಕಡೆ ತಿರುಗಿದಾಗ ಹಿಂದೆ ಗುಸುಗುಸು ಕೇಳಿಸಿತು. ತಲೆ ಕೆಟ್ಟು, “ಯಾರದು ಮಾತಾಡೋದು? ಎದ್ದ್ ನಿಂದರ್ರಿ!” ಎಂದು ಚೀರಿದೆ. ತಿರುಗಿ ನೋಡಿದರೆ ನಾಲ್ವರು ಅಜ್ಜಿಯರು ಮೊಣಕಾಲು ಹಿಡಿದುಕೊಂಡು ಎದ್ದು ನಿಂತಿದ್ದರು. ಕೂರಿಸುವುದು ಹೇಗೆಂದು ತಿಳಿಯದೆ ನಾನೇ ಕೈಮುಗಿದೆ.

ನನ್ನ ಓದಿನ ಗುಟ್ಟನ್ನೂ ಅವರು ಬೇಗ ಹಿಡಿದರು. ಕನ್ನಡ ಒಂದನೆಯ ತರಗತಿಯ ಪುಸ್ತಕವನ್ನು ನಾನು ಬೆಳಗಿನ ಬಸ್ಸಿನಲ್ಲಿ ಓದಿಕೊಂಡು ಬಂದು, ಕಲಿತಷ್ಟನ್ನು ಫಲಕದ ಮೇಲೆ ಬರೆಯುತ್ತಿದ್ದೆ. ಗುರುವಾರ ಮಾತ್ರ ಅಕ್ಕಲಕೋಟದ ಸ್ವಾಮಿಗಳ ಮಠಕ್ಕೆ ಬಂದುಹೋಗುವ ಭಕ್ತರ ಗದ್ದಲದಲ್ಲಿ ಬಸ್ಸಿನಲ್ಲಿ ಕಾಲಿಡಲೂ ಜಾಗ ಇರುತ್ತಿರಲಿಲ್ಲ. ಆ ದಿನ ಹೊಸ ಅಕ್ಷರ ಇಲ್ಲ, ಬರೀ ಹಾಡು. ಮೂರು ಗುರುವಾರ ಕಳೆದ ಮೇಲೆ ಗಂಗವ್ವ ತಂಬಾಕು ತಿಕ್ಕುತ್ತ ಕೇಳಿದಳು: “ಬಾಯಿ, ಬ್ರೇಸ್ತವಾರ ನಿಮಗ ಬಸ್ಸಿನ್ಯಾಗ ಸೀಟ್ ಸಿಗಂಗಿಲ್ಲೇನ್ರಿ?” ನನ್ನ ಮುಖ ಕೆಂಪಾಯಿತು. “ಇರ್ಲಿ ಬಿಡ್ರಿ, ಕೂಡೇ ಕಲಿಯೂಣು,” ಎಂದಳು. ಆ ವರ್ಷ ನಾನು ಮತ್ತು ಹತ್ತೊಂಬತ್ತು ಅಜ್ಜಿಯರು ಒಟ್ಟಿಗೆ ಕನ್ನಡ ಕಲಿತೆವು. ನಾನು ಅವರಿಗಿಂತ ಯಾವಾಗಲೂ ಎರಡೇ ಪಾಠ ಮುಂದೆ.

ಜನವರಿಯಲ್ಲಿ ಝಂಡಾ ಹಾರಿಸಿದ ದಿನ ಆಟದ ಪಂದ್ಯ ಇಟ್ಟೆವು. ಬಾಲವಾಡಿಗೆ ಲಿಂಬೆ-ಚಮಚ. ಚಮಚದ ತುದಿ ಬಾಯಲ್ಲಿ, ಅದರ ಮೇಲೆ ಲಿಂಬೆಹಣ್ಣು, ಬೀಳದಂತೆ ಗೆರೆ ಮುಟ್ಟಬೇಕು. ಮಾಸ್ತರರು ಆಚೆ ತುದಿಯಲ್ಲಿ ದಾರ ಹಿಡಿದು ನಿಂತರು. ನಾನು ಸೀಟಿ ಊದಿದೆ. ಮಕ್ಕಳು ಕದಲಲಿಲ್ಲ. ಚಮಚ ಕಚ್ಚಿಕೊಂಡು ತಮ್ಮ ತಮ್ಮ ಅಜ್ಜಿಯ ಕಡೆ ನೋಡುತ್ತ ನಿಂತವು. ಇನ್ನೊಮ್ಮೆ ಊದಿದೆ. ಆಗ ಗಂಗವ್ವ ಕಚ್ಚೆ ಬಿಗಿದು, ಮಲ್ಲ್ಯಾನನ್ನು ಚಮಚ ಸಮೇತ ಕಂಕುಳಿಗೆ ಏರಿಸಿಕೊಂಡು ಓಟ ಕಿತ್ತಳು. ಅವಳನ್ನು ನೋಡಿ ಉಳಿದ ಹದಿನೆಂಟು ಅಜ್ಜಿಯರೂ ಓಡಿದರು. ಊರಿನ ಗಂಡಸರು ಹೋ ಎಂದರು. ಮೊದಲು ಗೆರೆ ಮುಟ್ಟಿದ ಗಂಗವ್ವ ನಿಲ್ಲಲಾಗದೆ ದಾರವನ್ನೂ, ದಾರದ ತುದಿಗಿದ್ದ ಮಾಸ್ತರರನ್ನೂ ಎಳೆದುಕೊಂಡು ಬೇವಿನ ಮರದ ತನಕ ಹೋದಳು.

ಇದು ಆಗದ ಮಾತು, ಓಡಿದ್ದು ಮಗುವಲ್ಲ ಎಂದು ಗಂಡಸರು ತಕರಾರು ಎತ್ತಿದರು. ಮಾಸ್ತರರು ಟೋಪಿ ಹುಡುಕಿ ತಂದು ತಲೆಗಿಟ್ಟುಕೊಂಡು, ಬಹಳ ಹೊತ್ತು ಯೋಚಿಸಿ ತೀರ್ಪು ಕೊಟ್ಟರು. “ಚಮಚಾ ಯಾರ ಬಾಯಾಗಿತ್ತು? ಕೂಸಿನ ಬಾಯಾಗ. ಲಿಂಬಿಹಣ್ಣು ಬಿತ್ತೇನು? ಬೀಳಲಿಲ್ಲ. ಕಾಲು ಯಾರದಿರಬೇಕಂತ ನಿಯಮದಾಗ ಬರ್ದಿಲ್ಲ.” ಮಲ್ಲ್ಯಾನಿಗೆ ಬಹುಮಾನ ಬಂತು, ಬಳಪ ಇಡುವ ತಗಡಿನ ಡಬ್ಬಿ. ಮರುದಿನದಿಂದ ಅದರಲ್ಲಿ ಗಂಗವ್ವನ ತಂಬಾಕು ಇರುತ್ತಿತ್ತು. ಅಂದಿನಿಂದ ಮಾಸ್ತರರೂ ತಟ್ಟಿಯ ಮೇಲಿಂದ ಇಣುಕಿ ನೋಡತೊಡಗಿದರು.

ಇಂಥ ಹೊತ್ತಿನಲ್ಲಿ ಮುಖ್ಯಸೇವಿಕಾ ಕುಸುಮತಾಯಿ, ಹೇಳದೆ ಕೇಳದೆ, ತಪಾಸಣೆಗೆ ಎರಡು ತಿಂಗಳು ಮೊದಲೇ ಒಮ್ಮೆ ಬಂದುಬಿಟ್ಟರು. ಮರಾಠಿಯವರು (ಆ ಭಾಷೆಯಲ್ಲಿ ತಾಯಿ ಅಂದರೆ ಅಕ್ಕ), ಕನ್ನಡ ಒಂದಕ್ಷರ ಬಾರದು. ಇಸ್ತ್ರಿ ಮಾಡಿದ ಸೀರೆ, ಇಸ್ತ್ರಿ ಮಾಡಿದ ಮುಖ. ಬಾಗಿಲಲ್ಲಿ ನಿಂತು ನೋಡಿದರೆ ಅಜ್ಜಿಯರು ಪಾಟಿಯ ಮೇಲೆ ಬರೆಯುತ್ತಿದ್ದಾರೆ, ಮಕ್ಕಳು ಅವರ ತೊಡೆಯ ಮೇಲೆ ಸುಕಡಿ ತಿನ್ನುತ್ತಿವೆ. ಸುಕಡಿ ಅಂದರೆ ಆಗ ಬಾಲವಾಡಿಗೆ ಬರುತ್ತಿದ್ದ ಸಿಹಿ ಹಿಟ್ಟು.

“ಹೇ ಕಾಯ್ ಆಹೇ?” ಎಂದರು, ಇದೇನು ಎಂದು.

ಗಂಗವ್ವ ಅವರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, “ಈಕಿ ಮನ್ಯಾಗ ಅಜ್ಜಿ ಇದ್ದಿಲ್ಲೇನು? ಹಂಗ ನೆಲದಾಗಿಂದ ಎದ್ದ್ ಬಂದಾಳೇನು?” ಎಂದಳು. ಏನಂತೆ ಎಂದು ತಾಯಿ ನನ್ನನ್ನು ಕೇಳಿದರು. ಊರಿನ ಹಿರಿಯರು ತಮ್ಮನ್ನು ಸ್ವಾಗತಿಸುತ್ತಿದ್ದಾರೆ ಎಂದು ಮರಾಠಿಯಲ್ಲಿ ಹೇಳಿದೆ. ತಾಯಿ ನಗಲಿಲ್ಲ. ತಪಾಸಣೆಯ ದಿನ ಬಾಲವಾಡಿಯ ಒಳಗೆ ಒಬ್ಬ ಅಜ್ಜಿ ಕಂಡರೂ, ಇಪ್ಪತ್ತಕ್ಕೆ ಒಂದು ಮಗು ಕಡಿಮೆಯಾದರೂ, ತಾವು ಶೇರಾ ಪುಸ್ತಕದಲ್ಲಿ, ಅಂದರೆ ಅಧಿಕಾರಿಗಳು ಅಭಿಪ್ರಾಯ ಬರೆಯುವ ಪುಸ್ತಕದಲ್ಲಿ, ‘ಬಂದ್’ ಎಂದು ಬರೆದು ಹೋಗುವುದಾಗಿ ಹೇಳಿ ಬಸ್ಸು ಹಿಡಿದರು.

ಆ ಮಾತನ್ನು ಕನ್ನಡದಲ್ಲಿ ಹೇಳುವಾಗ ನನಗೆ ಅಳು ಬಂತು. ಬಾರ್ಶಿ ವರನ ವಿಷಯವೂ ಬಾಯಿಬಿಟ್ಟೆ. ಅಜ್ಜಿಯರಿಗೆ ಅದೇ ಮುಖ್ಯವಾಯಿತು. ರೇಡಿಯೋ ದೊಡ್ಡದೋ ಸಣ್ಣದೋ ಎಂದು ವಿಚಾರಿಸಿದರು. ಕೊನೆಗೆ ಗಂಗವ್ವ, “ಅಳಬ್ಯಾಡ್ರಿ ಬಾಯಿ. ನಾವು ಹೊರಗ ಹೋಗ್ತೀವಿ. ದಿನಕ್ಕೊಂದು ಗೇಣು,” ಎಂದಳು.

ಹಾಗೆಯೇ ಮಾಡಿದೆವು. ಅಜ್ಜಿಯರು ದಿನಕ್ಕೊಂದು ಗೇಣು ಬಾಗಿಲ ಕಡೆ ಸರಿದರು. ಆದರೆ ಮಕ್ಕಳೂ ದಿನಕ್ಕೊಂದು ಗೇಣು ಸರಿದವು. ಒಂದು ವಾರ ಕಳೆಯುವಷ್ಟರಲ್ಲಿ ಇಡೀ ಬಾಲವಾಡಿ ಬಾಗಿಲಲ್ಲಿ ಗುಡ್ಡೆಯಾಯಿತು, ಒಳಗೆ ಫಲಕದ ಹತ್ತಿರ ನಾನೊಬ್ಬಳೇ ಉಳಿದೆ.

ಕೌದಿಯ ಉಪಾಯ ಗಂಗವ್ವನದೇ. ಹಳೆಯ ಸೀರೆಗಳನ್ನು ಪದರು ಪದರಾಗಿ ಇಟ್ಟು ಹೊಲಿಯುವ ಹಾಸಿಗೆ ನಮ್ಮ ಕಡೆ ಮನೆಮನೆಗೂ ಇರುತ್ತದೆ. ಅದೇ ರೀತಿ ಒಂದೊಂದು ಅಜ್ಜಿಯ ಹಳೆಯ ಇರಕಲ್ ಸೀರೆಯಿಂದ ಒಂದೊಂದು ಚೌಕ ಮಾಡಿ, ಎಲ್ಲ ಕೂಡಿಸಿ ಒಂದು ದೊಡ್ಡ ಕೌದಿ ಹೊಲಿಯುವುದು, ಮಗು ತನ್ನ ಅಜ್ಜಿಯ ಚೌಕದ ಮೇಲೆ ಕೂರುವುದು. “ಕೂಸಿಗೆ ಅಜ್ಜಿ ಬೇಕಾಗಿರಂಗಿಲ್ರಿ, ಅಜ್ಜಿ ವಾಸನಿ ಬೇಕಾಗಿರ್ತೈತಿ,” ಎಂದಳು. ಐದು ದಿನ ಹತ್ತೊಂಬತ್ತು ಜನ ಸೂಜಿ ಹಿಡಿದು ಕೂತರು.

ಲೆಕ್ಕಕ್ಕೆ ಇನ್ನೊಂದು ಮಗು ಬೇಕಿತ್ತು. ಅದೇ ವಾರ ಶಾಂತಾ ಬಂದಳು. ಅವಳ ಅಪ್ಪ ಎಸ್.ಟಿ. ಕಂಡಕ್ಟರ್, ಕೆಳಗಿನ ಓಣಿಯ, ಬೌದ್ಧರಾಗಿದ್ದ ದಲಿತರ ಮನೆಯವರು, ಬೇರೆ ಊರಿನಿಂದ ವರ್ಗವಾಗಿ ಬಂದವರು. ನಾಲ್ಕು ವರ್ಷದ ಹುಡುಗಿ, ಅಜ್ಜಿ ಇಲ್ಲ. ಹಾಗಾಗಿ ಚೌಕವೂ ಇಲ್ಲ. ಬಾಗಿಲ ಹತ್ತಿರ ಬರಿನೆಲದ ಮೇಲೆ ಕೂತಳು. ಅಜ್ಜಿಯರು ಒಬ್ಬರ ಮುಖ ಒಬ್ಬರು ನೋಡಿದರು, ಯಾರೂ ಸೂಜಿ ಎತ್ತಲಿಲ್ಲ. ಅವರ ಮನಸ್ಸಿನಲ್ಲಿ ಏನಿತ್ತೆಂದು ನನಗೂ ಗೊತ್ತು, ಆದರೆ ನನಗೂ ಬಾಯಿ ಬರಲಿಲ್ಲ. ಅದು ಇಂದಿಗೂ ನಾಚಿಕೆಯ ಸಂಗತಿ. ಗಂಗವ್ವ ಮಾತ್ರ ತನ್ನ ಸೀರೆಯಿಂದ ಇನ್ನೊಂದು ಚೌಕ ಹರಿದು ಮಲ್ಲ್ಯಾನ ಚೌಕದ ಪಕ್ಕಕ್ಕೆ ಹೊಲಿದಳು.

“ಏನ್ ನೋಡಾಕತ್ತೀರಿ?” ಎಂದಳು ಉಳಿದವರಿಗೆ. “ನನಗ ಎರಡ್ ತೊಡಿ ಅದಾವ.”

ಇಪ್ಪತ್ತು ಚೌಕ, ಇಪ್ಪತ್ತು ಮಕ್ಕಳು. ಕುಸುಬೆ ಎಣ್ಣೆ, ಒಲೆಯ ಹೊಗೆ, ತಂಬಾಕು, ಎಮ್ಮೆಯ ಸಗಣಿ, ಒಬ್ಬೊಬ್ಬರದು ಒಂದೊಂದು ಹದ. ಮಕ್ಕಳು ಮೂಗಿನಿಂದಲೇ ತಮ್ಮ ಜಾಗ ಕಂಡುಕೊಂಡು ಕೂರುತ್ತಿದ್ದವು. ಅಜ್ಜಿಯರು ಹೊರಗೆ ಬೇವಿನ ಕಟ್ಟೆಗೆ ಹೋದರು. ಒಂದು ದಿನ, ಎರಡು ದಿನ, ಒಂದು ವಾರ. ಅಳು ಇಲ್ಲ! ಮಾಸ್ತರರು ಬಂದು ನಿಂತು ನೋಡಿ, “ಬಾಯಿ, ಇವು ಮನುಷ್ಯಾರೇ ಅದಾವು,” ಎಂದು ಒಪ್ಪಿಕೊಂಡರು.

ಇಷ್ಟಕ್ಕೆ ಸುಮ್ಮನಿದ್ದಿದ್ದರೆ ಈ ಬರಹ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ನಾನು ಪೇಟೆಯ ಹುಡುಗಿ, ಅದೂ ಜವಳಿ ಅಂಗಡಿಯವರ ಮಗಳು. ಸೋಮವಾರ ತಪಾಸಣೆ. ಕುಸುಮತಾಯಿಯ ಇಸ್ತ್ರಿ ಸೀರೆ ನನ್ನ ಕಣ್ಣ ಮುಂದೆ ಬಂತು. ಈ ಕೊಳಕು ಕೌದಿಯನ್ನು ಅವರಿಗೆ ಹೇಗೆ ತೋರಿಸುವುದು? ಭಾನುವಾರ ಸೋಪು, ನೀಲಿ ಎರಡನ್ನೂ ತೆಗೆದುಕೊಂಡು ಬೋರಿಹಾಳಕ್ಕೆ ಹೋದೆ. ಅಜ್ಜಿಯರಿಗೆ ಹೇಳಲಿಲ್ಲ, ಸೋಮವಾರ ನೋಡಿ ಬೆರಗಾಗಲಿ ಎಂದು. ಮಾಸ್ತರರಿಗೆ ಹೇಳಿದೆ. ಸ್ವಚ್ಛತೆಯ ಮಾತೆಂದರೆ ಅವರಿಗೆ ಬಹಳ ಹುರುಪು. ಕೌದಿಯನ್ನು ಸೈಕಲ್ಲಿಗೆ ಹೇರಿ ಹಳ್ಳಕ್ಕೆ ಹೊರಟೆವು.

ಒಣ ಕೌದಿ ಹೊತ್ತವರಿಗೆ ಒದ್ದೆ ಕೌದಿಯ ಭಾರ ತಿಳಿದಿರುವುದಿಲ್ಲ. ಇಪ್ಪತ್ತು ಚೌಕ ನೀರು ಕುಡಿದು ಎಮ್ಮೆಯಷ್ಟಾದವು. ಒಂದು ತುದಿ ನಾನು ಹಿಡಿದೆ, ಇನ್ನೊಂದು ಮಾಸ್ತರರು ಹಿಡಿದರು, ಹಿಂಡಲು ತಿರುವಿದೆವು. ಕೌದಿ ನಮ್ಮನ್ನೇ ತಿರುವಿತು. ಮಾಸ್ತರರು ಧೋತರ, ಟೋಪಿ, ಸರಳು ಸಮೇತ ಹಳ್ಳಕ್ಕೆ ಬಿದ್ದರು. ಸೊಂಟದ ತನಕದ ನೀರಿನಲ್ಲಿ ನಿಂತು, ತೇಲಿಹೋಗುತ್ತಿದ್ದ ಟೋಪಿಯನ್ನು ಸರಳಿನಿಂದ ಎತ್ತುತ್ತ, “ಬಾಯಿ, ಈ ಮಾತು ನಾಲ್ಕನೇತ್ತಾ ಹುಡುಗರಿಗೆ ತಿಳೀಬಾರದು,” ಎಂದರು. ನಾನು ಈಗಷ್ಟೇ ಹೇಳುತ್ತಿದ್ದೇನೆ. ನಾಲ್ಕನೆಯ ತರಗತಿಯ ಆ ಹುಡುಗರು ಈಗ ಅಜ್ಜಂದಿರಾಗಿದ್ದಾರೆ.

ಸೋಮವಾರ ಬೆಳಿಗ್ಗೆ ಕೌದಿ ಹೊಳೆಯುತ್ತಿತ್ತು. ಗಮ್ಮೆಂದು ಸೋಪಿನ ವಾಸನೆ. ಅಜ್ಜಿಯರು ಮಕ್ಕಳನ್ನು ಬಾಗಿಲಲ್ಲಿ ಬಿಟ್ಟು ಮಾತಿಗೆ ತಕ್ಕಂತೆ ಕಟ್ಟೆಗೆ ಹೋದರು. ಮಕ್ಕಳು ಒಳಗೆ ಬಂದವು, ಕೌದಿಯ ಮೇಲೆ ನಿಂತು ಮೂಗು ಆಡಿಸಿದವು. ಒಂದು ಚೌಕದಿಂದ ಇನ್ನೊಂದಕ್ಕೆ ಹೋಗಿ ಮೂಸಿದವು. ಹಾದಿಯಲ್ಲಿ ಕುಸುಮತಾಯಿಯ ಛತ್ರಿ ಕಾಣುವುದಕ್ಕೂ, ಮಲ್ಲ್ಯಾ ಬಾಯಿ ತೆರೆಯುವುದಕ್ಕೂ ಸರಿಹೋಯಿತು. ಒಬ್ಬ ಚೀರಿದರೆ ಸಾಕಲ್ಲ, ಹತ್ತೊಂಬತ್ತು ಮಕ್ಕಳು ನನ್ನ ಕಾಲಿನ ನಡುವಿನಿಂದ, ತಟ್ಟಿಯ ಕೆಳಗಿನಿಂದ, ಒಬ್ಬನಂತೂ ಕುಸುಮತಾಯಿಯ ಛತ್ರಿಯ ಅಡಿಯಿಂದಲೇ ನುಸುಳಿ ಕಟ್ಟೆಗೆ ಓಡಿದವು.

ಕುಸುಮತಾಯಿ ಒಳಗೆ ಬಂದರು. ಸ್ವಚ್ಛ ಕೌದಿ. ಅದರ ಮೇಲೆ ಶಾಂತಾ ಒಬ್ಬಳೇ ಕೈಕಟ್ಟಿಕೊಂಡು ಕೂತಿದ್ದಳು. ಓಡಿಹೋಗಲು ಅವಳಿಗೆ ಅಜ್ಜಿ ಇರಲಿಲ್ಲ.

“ಏಕ್,” ಎಂದು ಎಣಿಸಿದರು ತಾಯಿ. ಮತ್ತೆ ಎಣಿಸುವಂಥದ್ದೇನೂ ಇರಲಿಲ್ಲ. ಶೇರಾ ಪುಸ್ತಕ ಬೇಡಿದರು. ಕೊಟ್ಟೆ. ಅಪ್ಪನ ಅಂಗಡಿ, ಬಾರ್ಶಿಯ ರೇಡಿಯೋ ಎಲ್ಲ ಕಂಡವು. ಅದಕ್ಕಿಂತ ಹೆಚ್ಚಾಗಿ ಆ ಖಾಲಿ ಕೌದಿ ಕಂಡಿತು. ನಾಳೆಯಿಂದ ಈ ಮಕ್ಕಳು ಎಲ್ಲಿ ಕೂರುತ್ತವೆ?

ತಾಯಿ ಪೆನ್ನಿನ ಟೊಪ್ಪಿಗೆ ತೆಗೆದರು. ಅಷ್ಟರಲ್ಲಿ ಗಂಗವ್ವ ಮಲ್ಲ್ಯಾನನ್ನು ಎತ್ತಿಕೊಂಡು ಬಾಗಿಲಿಗೆ ಬಂದಳು. ಒಳಗೆ ಬರುವುದಿಲ್ಲ ಎಂದು ನನಗೆ ಮಾತು ಕೊಟ್ಟಿದ್ದಳು, ಹೊಸ್ತಿಲಲ್ಲೇ ನಿಂತಳು. ಒಳಗೆ ಒಂಟಿಯಾಗಿ ಕೂತ ಶಾಂತಾಳನ್ನು ಕಂಡಳು. ಶಾಂತಾ ಅಳುತ್ತಿರಲಿಲ್ಲ, ತನ್ನ ಚೌಕವನ್ನು ಬಗ್ಗಿ ಬಗ್ಗಿ ಮೂಸುತ್ತಿದ್ದಳು. ಅದನ್ನು ನೋಡಿದ್ದೇ ತಡ, ಗಂಗವ್ವ ಮಲ್ಲ್ಯಾನನ್ನು ನನ್ನ ಕೈಗೆ ತುರುಕಿ ಹೊಸ್ತಿಲು ದಾಟಿ ಬಂದು, ಮಂಡಿಯೂರಿ, ತಾನೂ ಮೂಸಿದಳು.

“ಯವ್ವಾ! ಇದಕ್ಕ ಸಬಕಾರ ಹಚ್ಚೀರೇನ್ರಿ?”

ನಾನು ತಲೆ ತಗ್ಗಿಸಿದೆ.

“ಹತ್ತೊಂಬತ್ ಮುದುಕ್ಯಾರ್ನ ಹಳ್ಳಕ್ಕ ಬಿಟ್ಟ್ ಬಂದೀಯಲ್ಲ ಮಗಳ!” ಎಂದವಳೇ, ಶಾಂತಾಳನ್ನು ಪಕ್ಕಕ್ಕೆ ಸರಿಸಿ, ಅವಳ ಚೌಕದ ಮೇಲೆ ಅಂಗಾತ ಮಲಗಿ ಉರುಳಾಡತೊಡಗಿದಳು. ಆ ಕಡೆ ಒಂದು ಸಲ, ಈ ಕಡೆ ಒಂದು ಸಲ. ಆಮೇಲೆ ಎದ್ದು ಕೂತು, ತಲೆಯ ಎಣ್ಣೆಯನ್ನು ಅಂಗೈಗೆ ತೀಡಿ ಚೌಕಕ್ಕೆ ಒರೆಸಿದಳು. ನಂತರ ಮಲ್ಲ್ಯಾನ ಚೌಕಕ್ಕೂ ಅದೇ ಸೇವೆ. ಬಾಗಿಲ ಕಡೆ ತಿರುಗಿ, “ಬರ್ರೇ ಎಲ್ಲಾರೂ! ವಾಸನಿ ಹೋಗೇತಿ!” ಎಂದು ಕೂಗಿದಳು.

ಉಳಿದ ಹದಿನೆಂಟು ಅಜ್ಜಿಯರು ಒಳಗೆ ನುಗ್ಗಿದರು. ಯಾರಿಗೂ ಏನೂ ಹೇಳಬೇಕಾಗಲಿಲ್ಲ. ತಮ್ಮ ತಮ್ಮ ಚೌಕದ ಮೇಲೆ ಬಿದ್ದು ಉರುಳಿದರು. ಜಾಗ ಸಾಲದೆ ಒಬ್ಬರ ಮೇಲೊಬ್ಬರು ಹೋದರು. “ಏ, ನನ್ನ ಚೌಕದ ಮ್ಯಾಲ ನಿನ್ನ ಎಣ್ಣಿ ಹಚ್ಚಬ್ಯಾಡ, ನನ್ನ ಕೂಸು ನಿನ್ನ ಮನಿಗಿ ಬಂದೀತು!” ಎಂದು ಜಗಳವೂ ಆಯಿತು. ತಗಡಿನ ಡಬ್ಬಿ ತೆರೆದುಕೊಂಡು ತಂಬಾಕು ಚೆಲ್ಲಿತು. ತಟ್ಟಿ ಒಂದು ಕಡೆ ಬಿತ್ತು, ಅದರ ಹಿಂದೆ ಮಾಸ್ತರರೂ ನಾಲ್ಕು ತರಗತಿಯ ಮಕ್ಕಳೂ ಸಾಲಾಗಿ ನಿಂತು ನೋಡುತ್ತಿದ್ದರು. ಕುಸುಮತಾಯಿ ಗೋಡೆಗೆ ಅಂಟಿಕೊಂಡು, ತೆರೆದ ಪೆನ್ನು ಹಿಡಿದುಕೊಂಡೇ ನಿಂತಿದ್ದರು. ಪೆನ್ನಿನ ಶಾಯಿ ಇಸ್ತ್ರಿ ಸೀರೆಗೆ ತಾಗಿ ಹರಡಿದ್ದು ಅವರ ಗಮನಕ್ಕೆ ಬರಲಿಲ್ಲ.

“ನಡೀರಿನ್ನ,” ಎಂದಳು ಗಂಗವ್ವ. ಅಜ್ಜಿಯರು ಎದ್ದು, ಸೆರಗು ಝಾಡಿಸಿ, ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತರು. ಒಳಗೆ ದೊಡ್ಡವರೆಂದರೆ ನಾನು, ಕುಸುಮತಾಯಿ ಇಬ್ಬರೇ.

ಮಕ್ಕಳು ಒಂದೊಂದಾಗಿ ಬಂದವು. ಮೂಸಿದವು. ಕೂತವು. ಕೊನೆಗೆ ಮಲ್ಲ್ಯಾ ನನ್ನ ಸೊಂಟದಿಂದ ಜಾರಿ ಇಳಿದು, ತನ್ನ ಚೌಕಕ್ಕೆ ಮೂಗು ಹಚ್ಚಿ, ಸಮಾಧಾನವಾಗಿ ಶಾಂತಾಳ ಪಕ್ಕಕ್ಕೆ ಕೂತ. ತಾಯಿ ಎಣಿಸಿದರು. ಇಪ್ಪತ್ತು. ನಂಬದೆ ಇನ್ನೊಮ್ಮೆ ಎಣಿಸಿದರು. ನಾನು ಆನೆಯ ಚಿತ್ರ ಎತ್ತಿ ಹಿಡಿದು ‘ಇದೇನು?’ ಎಂದೆ. ಮಕ್ಕಳು ಬೆರಳು ಚೀಪಿದವು. ಹೊರಗೆ ಕಟ್ಟೆಯಿಂದ ‘ಆನಿ!’ ಎಂದು ಉತ್ತರ ಬಂತು.

ಇಸ್ತ್ರಿ ಮುಖ ಆಗ ಮುರಿಯಿತು. ಕುಸುಮತಾಯಿ ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಶಾಂತಾಳ ಪಕ್ಕದಲ್ಲಿ ಕೌದಿಯ ಅಂಚಿಗೆ ಕೂತುಬಿಟ್ಟರು. ನಾನು ನೋಡುತ್ತಿಲ್ಲ ಎಂದುಕೊಂಡು, ತಾವೂ ಬಗ್ಗಿ ಒಮ್ಮೆ ಮೂಸಿದರು. ಆಮೇಲೆ ಶೇರಾ ಬರೆದರು. ಅದನ್ನು ಓದಿ ಹೇಳೆಂದು ಹೊರಗಿನಿಂದ ಗದ್ದಲ. ಮರಾಠಿಯಲ್ಲಿ ಮೂರೇ ಸಾಲು ಇದ್ದವು: ‘ವೀಸ್ ಮುಲೇ ಹಜರ್. ಬಾಲ್‌ವಾಡೀ ಚಾಲೂ ಠೇವಾವೀ. ಗೋಧಡೀ ಧುವೂ ನಯೇ.’

ಈ ಸಲ ನಾನು ಏನೂ ಬದಲಿಸದೆ ಹೇಳಿದೆ: ಇಪ್ಪತ್ತು ಮಕ್ಕಳು ಹಾಜರು, ಬಾಲವಾಡಿ ಮುಂದುವರಿಯಲಿ, ಕೌದಿ ತೊಳೆಯಬಾರದು.

ಬಾರ್ಶಿ ವರನಿಗೆ ಬೇರೆ ಹೆಣ್ಣು ಸಿಕ್ಕಿತು. ರೇಡಿಯೋ ಚೆನ್ನಾಗಿದೆ ಎಂದು ಕೇಳಿದೆ. ನನಗೂ ಮುಂದೆ ಮದುವೆಯಾಯಿತು, ಬೇರೆ ಬೇರೆ ಊರುಗಳಲ್ಲಿ ನೌಕರಿಯಾಯಿತು. ಕೌದಿಯನ್ನು ಮಾತ್ರ ಬಿಸಿಲಿಗೆ ಹಾಕಿದ್ದುಂಟು, ಝಾಡಿಸಿದ್ದುಂಟು, ತೊಳೆದದ್ದಿಲ್ಲ. ಆ ಕೌದಿ ಸವೆದು ಸವೆದು ಚೌಕ ಚೌಕವಾಗಿ ಬಿಚ್ಚಿಹೋದಾಗ ಯಾರ ತುಂಡು ಯಾರ ಮನೆಗೆ ಹೋಯಿತೋ ತಿಳಿಯಲಿಲ್ಲ.

ತರಬೇತಿಯಿಂದ ಮರಳಿದ ಮರುದಿನ ಸೊಲ್ಲಾಪುರದ ನನ್ನ ಮನೆಗೆ ಶಾಂತಾ ಬಂದಳು. ಅಪ್ಪನಂತೆ ಎಸ್.ಟಿ.ಯಲ್ಲೇ ಕೆಲಸ, ಕಚೇರಿಯಲ್ಲಿ. ನಾನು ಭಾಷಣ ಮಾಡಿದ ಸುದ್ದಿ ಕೇಳಿ ಬಂದಿದ್ದಳು. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ. ಅದರೊಳಗಿಂದ ಗಂಗವ್ವನ ಇರಕಲ್ ಸೀರೆಯ ಚೌಕ ತೆಗೆದು ಸೋಫಾದ ಮೇಲಿಟ್ಟಳು. ಚಹಾ ತಂದಿಟ್ಟ ನನ್ನ ಸೊಸೆ, ಅಚ್ಚುಕಟ್ಟಿನ ಹುಡುಗಿ, ಮಾಸಿದ ಬಟ್ಟೆ ಎಂದುಕೊಂಡು ಅದನ್ನೆತ್ತಿ ವಾಷಿಂಗ್ ಮಶೀನಿನ ಕಡೆ ಹೊರಟಳು.

“ಧುವೂ ನಯೇ!” ನಾವಿಬ್ಬರೂ ಒಟ್ಟಿಗೆ ಚೀರಿದೆವು. ಸೊಸೆಯ ಕೈಯಿಂದ ಖಾಲಿ ತಟ್ಟೆ ಬಿತ್ತು.

ನಗು ನಿಂತ ಮೇಲೆ ಶಾಂತಾ ಚೌಕವನ್ನು ನನ್ನ ಮುಂದೆ ಹಿಡಿದಳು. “ನೋಡ್ರಿ ಬಾಯಿ, ಇನ್ನೂ ಬರ್ತೈತೇನ್ರಿ?”

ಮೂಸಿದೆ. ನುಸಿಗುಳಿಗೆಯ ವಾಸನೆ, ಬೇರೇನೂ ಇಲ್ಲ.

“ಬರ್ತೈತವ್ವಾ,” ಎಂದೆ.

ಶಾಂತಾ ಅದನ್ನು ನೆಲದ ಮೇಲೆ ಹಾಸಿದಳು. ಐವತ್ತು ದಾಟಿದ ಹೆಣ್ಣುಮಗಳು, ಮೊಣಕಾಲು ನೋವಿದೆ ಎನ್ನುತ್ತಲೇ ಅದರ ಮೇಲೆ ಚಕ್ಕಳಮಕ್ಕಳ ಹಾಕಿ, ಕೈಕಟ್ಟಿಕೊಂಡು ಕೂತಳು. ಚಹಾ ಅಲ್ಲಿಯೇ ಕುಡಿದಳು.